ಹಿಮಯಂತ್ರಕ್ಕೆ ಮೂರು ಜೊತೆ ಟೈರು

೨೦೧೮ನೆಯ ಇಸವಿ ಡಿಸೆಂಬರ್ ತಿಂಗಳ ಎಂಟನೆಯ ತಾರೀಖು, ಶನಿವಾರ. ಚಳಿಗಾಲ ಕಾಲಿಟ್ಟು ಐದು ವಾರ ಕಳೆದಿತ್ತು. ಅಮೆರಿಕದ ಉತ್ತರದಂಚಿನ ಸುಪೀರಿಯರ್ ಸರೋವರದ ಮೇಲಿಂದ ವಾಯವ್ಯ ದಿಕ್ಕಿನ ಗಾಳಿ ಬೀಸುತ್ತಿತ್ತು. ಹಿಂದಿನ ಸಂಜೆಯಿಂದ ಬಿದ್ದ ಹಿಮ ಒಂಬತ್ತೂವರೆ ಅಂಗುಲ. (ಒಂದು ಅಡಿ ಬಿದ್ದಿತ್ತೆಂದು ನನ್ನ ಹೆಂಡತಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಕೋಲು ಊರಿ ಅಳೆದವನು ನಾನು.) ಅಂದು ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಹಿಮ ತೂರುವ ಯಂತ್ರದ ಬಲಗಡೆಯ ಟೈರು ದೀರ್ಘವಾದ ಒಂದು ನಿಟ್ಟುಸಿರು ಬಿಟ್ಟು ಪ್ರಾಣತ್ಯಾಗ ಮಾಡಿತು.

ಯಂತ್ರಕ್ಕೆ ಆಗ ಇಪ್ಪತ್ತೆರಡು ವರ್ಷ. ಮುಂದೆ ಹಿಮವನ್ನು ನುಂಗುವ ಅಗಲವಾದ ಬಾಯಿ, ಮೇಲೆ ಅದನ್ನು ದೂರಕ್ಕೆ ಉಗುಳುವ ಕೊಳವೆ, ಹಿಂದೆ ಮನುಷ್ಯ ಹಿಡಿದುಕೊಂಡು ನಡೆಯಲು ಎರಡು ಹಿಡಿಕೆ, ನಡುವೆ ಎರಡು ಚಕ್ರ. ಎಡಗಡೆಯ ಟೈರು ಇನ್ನೂ ಉಸಿರಾಡುತ್ತಿತ್ತಾದರೂ ಮೈಯೆಲ್ಲ ಬಿರುಕು ಬಿಟ್ಟು, ಹಲ್ಲುಗಳು ಸವೆದು, ನನ್ನ ತಲೆಯಷ್ಟೇ ಬೋಳಾಗಿತ್ತು.

ಟೈರು ಸತ್ತರೆ ಬೇರೆಯವರ ಮನೆಯಲ್ಲಿ ಟೈರು ಮಾತ್ರ ಸಾಯುತ್ತದೆ. ನನ್ನ ಸ್ಥಿತಿ ಹಾಗಿರಲಿಲ್ಲ. ನಮ್ಮ ಟುಲಿಸಾರಿ ಊರಿನ ಲೂಥರನ್ ಚರ್ಚಿಗೆ ರಸ್ತೆಯಿಂದ ಬಾಗಿಲಿನವರೆಗೆ ನೂರ ನಲವತ್ತು ಅಡಿ ಉದ್ದದ ಕಾಲುದಾರಿ ಇದೆ. ೧೯೮೮ರ ನವೆಂಬರ್ ಇಪ್ಪತ್ತರಿಂದ, ಅಂದರೆ ಮೂವತ್ತು ಚಳಿಗಾಲ, ಆ ದಾರಿಯ ಹಿಮವನ್ನು ತೆಗೆದವನು ನಾನು, ಐನಾರ್ ಪೆಲ್ಟೋಮಾ. ಸಂಬಳವಿಲ್ಲ. ಕೃತಜ್ಞತೆಯ ಮಾತೂ ಇಲ್ಲ. ಅದು ನಮ್ಮ ಜನರ ಅಭ್ಯಾಸವಲ್ಲ. ಆದರೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾಲು ಗಂಟೆ ಇರುವಾಗ ನಲವತ್ತು ಜೊತೆ ಬೂಟುಗಳು ಹಿಮವನ್ನಲ್ಲ, ಜಲ್ಲಿಯನ್ನು ತುಳಿದುಕೊಂಡು ಬರುವ ಸದ್ದು ಕೇಳಿಸುತ್ತದೆ. ಜಿಲ್ಲಾ ಭೂದಾಖಲೆಗಳ ಕಚೇರಿಯಲ್ಲಿ ಮೂವತ್ತೆಂಟು ವರ್ಷ ದುಡಿದು ೨೦೦೮ರ ಆಗಸ್ಟ್ ಇಪ್ಪತ್ತೊಂಬತ್ತರಂದು ನಿವೃತ್ತನಾದ ಮೇಲೆ, ನಾನು ಈ ಲೋಕಕ್ಕೆ ಬೇಕಾದವನು ಎಂದು ಸಾರುತ್ತಿದ್ದ ಸದ್ದು ಅದೊಂದೇ.

ಆ ಸದ್ದಿಗೇ ಸಂಚಕಾರ ಬಂದಿತ್ತು. ಚರ್ಚಿನ ಮಂಡಳಿಯ ಅಧ್ಯಕ್ಷೆ ಹಿಲ್ಯಾ ಯೋಕಿನೆನ್ ಡಿಸೆಂಬರ್ ಎರಡರಂದು ನನ್ನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡಿದ್ದಳು.

"ಐನಾರ್, ಡಾರೆಲ್ ಬೆಕ್‌ಮನ್ ಟ್ರಕ್ಕಿಗೆ ಹಿಮ ತಳ್ಳೋ ಹಲಗೆ ಕಟ್ಟಿಸಿದಾನೆ. ಹತ್ತು ನಿಮಿಷದ ಕೆಲಸ, ನಾನು ಮಾಡ್ತೀನಿ ಅಂತಾನೆ."

"ಕಾಲುದಾರಿಗೆ ಟ್ರಕ್ಕು ತರ್ತಾನಂತಾ?"

"ಜನವರಿ ಇಪ್ಪತ್ತೇಳಕ್ಕೆ ಮಹಾಸಭೆ. ಅಲ್ಲೀವರೆಗೆ ದಾರಿ ಹೇಗಿರುತ್ತೋ ನೋಡೋಣ ಅಂತಿದಾರೆ ಎಲ್ಲಾ. ನಿಂಗೂ ವಯಸ್ಸಾಯ್ತು."

ನಮ್ಮವರ ಪಾಲಿಗೆ ಇದು ಮಹಾಭಾಷಣ. ಇಷ್ಟು ಮಾತಾಡಿದ್ದಾಳೆಂದರೆ ಮಂಡಳಿ ಅರ್ಧ ತೀರ್ಮಾನ ಮಾಡಿಕೊಂಡಿದೆಯೆಂದೇ ಅರ್ಥ. ಅದಾದ ಆರನೆಯ ದಿನ ಟೈರು ಸತ್ತಿತು.

ಒಳಗೆ ಬಂದು ಸುದ್ದಿ ತಿಳಿಸಿದೆ. ನನ್ನ ಹೆಂಡತಿ ಲವ್‌ಡೇ ಮಾಂಸ, ಆಲೂಗೆಡ್ಡೆ ತುಂಬಿದ ಪಾಸ್ಟಿಗಳ ಅಂಚು ಮಡಚುತ್ತಿದ್ದಳು. ಅವಳ ಪೂರ್ವಿಕರು ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಇಲ್ಲಿಯ ತಾಮ್ರದ ಗಣಿಗಳಿಗೆ ಬಂದವರು. ಬರುವಾಗ ಮಾತನ್ನು ಮೂಟೆ ಕಟ್ಟಿಕೊಂಡು ತಂದರು. ನನ್ನ ಪೂರ್ವಿಕರು ಫಿನ್‌ಲೆಂಡಿನಿಂದ ಬಂದವರು. ಮಾತು ಭಾರವಾಗುತ್ತದೆಂದು ಅಲ್ಲಿಯೇ ಬಿಟ್ಟು ಬಂದರು. (ಲವ್‌ಡೇ ಇಪ್ಪತ್ತೇಳು ಚಳಿಗಾಲ ಈ ಬೆಟ್ಟಗಳಲ್ಲಿ ಶಾಲೆಯ ಬಸ್ಸು ಓಡಿಸಿದವಳು. ಒಮ್ಮೆಯೂ ಬಸ್ಸನ್ನು ಚರಂಡಿಗೆ ಇಳಿಸಲಿಲ್ಲ. ಇದಕ್ಕೂ ಮುಂದಿನ ಕಥೆಗೂ ಸಂಬಂಧವಿಲ್ಲವೆಂದು ಆಗ ನಾನು ತಿಳಿದಿದ್ದೆ.)

"ಸತ್ತೇ ಹೋಯ್ತಾ?" ಎಂದಳು.

"ಬಲಗಡೇದು. ಎಡಗಡೇದು ಇವತ್ತೋ ನಾಳೆಯೋ."

"ಹೋದ್ವರ್ಷವೇ ಬಡ್ಕೊಂಡೆ."

"ಹೋದ ವರ್ಷ ಯಾವತ್ತು?"

"ಯಾವತ್ತೋ ಒಂದಿನ."

"ತಾರೀಖಿಲ್ಲದ ಮಾತನ್ನ ನಾನು ದಾಖಲೆಗೆ ತಗೊಳ್ಳಲ್ಲ."

"ತಗೋಬೇಡ. ಹಳೇ ಚಕ್ರ ಎರಡೂ ಎತ್ಕೊಂಡು ಓನಿ ಅಂಗಡಿಗೆ ಹೋಗು. ಇಂಥದ್ದೇ ಕೊಡಪ್ಪ ಅನ್ನು. ಪಾಸ್ಟಿ ಬೇಯೋ ಹೊತ್ತಿಗೆ ವಾಪಸ್ ಬಂದಿರ್ತೀಯ."

ಬಸ್ಸು ಓಡಿಸುವವರು ಟೈರನ್ನು ಹೀಗೆ ಕೊಳ್ಳಬಹುದು. ಮಿಸ್ ಆಲ್‌ಗ್ರೆನ್ ಅವರ ಕೈಕೆಳಗೆ ಓದಿದವನು ಹಾಗೆ ಕೊಳ್ಳುವುದಿಲ್ಲ. ಆ ಮಹಾತಾಯಿ, ಉತ್ತರ ಸರಿಯಿದ್ದರೂ ಉತ್ತರಕ್ಕೆ ಬಂದ ದಾರಿಯನ್ನು ತೋರಿಸದಿದ್ದರೆ, ಅಡಿಪಟ್ಟಿಯಿಂದ ಬೆರಳಿನ ಗೆಣ್ಣಿಗೆ ಹೊಡೆಯುತ್ತಿದ್ದರು. ಆದ್ದರಿಂದ ನಾನು ಅಧ್ಯಯನಕ್ಕೆ ಕುಳಿತೆ.

ಅಧ್ಯಯನ ಆರು ದಿನ ನಡೆಯಿತು. ಭೂತಗನ್ನಡಿ ಹಿಡಿದು ಸತ್ತ ಟೈರಿನ ಪಕ್ಕೆಯ ಮೇಲಿದ್ದ ಅಂಕಿಗಳನ್ನು ಓದಿದೆ: ಅಗಲ ಸುಮಾರು ಐದು ಅಂಗುಲ, ಒಳಗಿನ ಕಬ್ಬಿಣದ ಬಳೆ ಎಂಟು ಅಂಗುಲ, ಒಟ್ಟು ಎತ್ತರ ಹದಿನಾರು. ಎತ್ತರದಲ್ಲಿ ಒಂದು ಅಂಗುಲ ಹೆಚ್ಚಾದರೆ ಯಂತ್ರದ ಮೂತಿ ನೆಲಕ್ಕೆ ಕುಕ್ಕುತ್ತದೆ. ಒಂದು ಅಂಗುಲ ಕಡಿಮೆಯಾದರೆ ಮೂತಿ ಮೇಲೆತ್ತಿ ಹಿಮದ ಕೆಳಪದರವನ್ನು ಬಿಟ್ಟುಬಿಡುತ್ತದೆ. ಒಳಗೆ ಟ್ಯೂಬು ಇರಬೇಕೆ, ಬೇಡವೆ? ಹಲ್ಲುಗಳು ಇಟ್ಟಿಗೆಯ ಹಾಗೆ ಚೌಕವಾಗಿರಬೇಕೆ, ಬಾಣದ ಮೊನೆಯ ಹಾಗೆ ಓರೆಯಾಗಿರಬೇಕೆ? ಹನ್ನೊಂದು ಬಗೆಯ ಟೈರುಗಳ ಗುಣದೋಷಗಳ ಪಟ್ಟಿಯೊಂದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಒಂಬತ್ತನೆಯ ತಾರೀಖಿನ ಭಾನುವಾರ ಚರ್ಚಿನ ದಾರಿಯ ಹಿಮವನ್ನು ಲವ್‌ಡೇ ತಗಡಿನ ತಳ್ಳುಮೊರದಿಂದ ತಳ್ಳಿ ತೆಗೆದಳು. ನಾನು ಪಟ್ಟಿಯ ನಾಲ್ಕನೆಯ ಸಾಲಿನಲ್ಲಿದ್ದೆ.

ಹದಿಮೂರನೆಯ ತಾರೀಖು, ಗುರುವಾರ ಸಂಜೆ, ಅವಳು ಪಟ್ಟಿಯ ಮುಂದೆ ನಿಂತು, "ಈ ಓರೆ ಹಲ್ಲಿಂದು ಚೆನ್ನಾಗಿದೆ. ಆದ್ರೆ ನೋಡು, ಇದರ ಪಕ್ಕೆ ಮೇಲೆ ಒಂದು ಬಾಣ ಇರುತ್ತೆ, ಅದನ್ನ—" ಎಂದು ಶುರು ಮಾಡಿದಳು.

"ಬಾಣದ ವಿಷಯ ನಾನು ಸೋಮವಾರವೇ ಓದಿದೀನಿ."

"ಓದೋದು ಬೇರೆ ಕಣೋ. ಬಸ್ಸಲ್ಲಿ ನಾವು—"

"ಬಸ್ಸಿನ ಮಾತು ಬಿಡು. ಇವತ್ತಿಂದ ಈ ಮನೇಲಿ ನಾನಾಗಿ ಕೇಳೋವರೆಗೂ ಟೈರಿನ ವಿಷಯ ಯಾರೂ ಎತ್ತಬಾರ್ದು."

"ಯಾರೂ ಅಂದ್ರೆ? ಇರೋಳು ನಾನೊಬ್ಬಳೇ."

"ಹೌದು, ನೀನೇ."

"ಆಯ್ತಪ್ಪ. ನೀನಾಗಿ ಕೇಳೋವರೆಗೂ ತುಟಿ ಬಿಚ್ಚಲ್ಲ. ತಾರೀಖು ಹಾಕಿ ಬರ್ಕೋ."

ಬರೆದುಕೊಂಡೆ. ಮೊದಲು ಹುಟ್ಟಿದ ಮಗುವನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದರಲ್ಲಿಯೂ ಇಷ್ಟು ಸುಲಭವಾಗಿ ಸೋಲದಿದ್ದ ಹೆಂಗಸು ಅಂದು ಸೋತು ಹೊಲಿಗೆ ಹಿಡಿದು ಕುಳಿತದ್ದು ನನ್ನ ದಾಂಪತ್ಯದ ದಿಗ್ವಿಜಯವೆಂದು ಭಾವಿಸಿದೆ.

ಮರುದಿನ ಓನಿ ಸಲ್ಮೇಲಾನ ಅಂಗಡಿಗೆ ಹೋದೆ. ಓನಿ ನನಗಿಂತ ಹತ್ತು ವರ್ಷ ಚಿಕ್ಕವನು. ಬಾಗಿಲ ಬಳಿ ಬಂದು ನಿಂತ.

"ಹಿಮ ಬಿತ್ತು" ಎಂದ.

"ಬಿತ್ತು" ಎಂದೆ.

ಕುಶಲೋಪರಿ ಮುಗಿಯಿತು. ಆಮೇಲೆ ನಾನು ಟೈರಿನ ತತ್ತ್ವವನ್ನು ಮೂವತ್ತೈದು ನಿಮಿಷ ವಿವರಿಸಿದೆ. ಓನಿ ನಡುನಡುವೆ ನಮ್ಮವರ ಪದ್ಧತಿಯಂತೆ ಉಸಿರನ್ನು ಒಳಗೆಳೆದುಕೊಳ್ಳುತ್ತ "ಯೋ" ಎನ್ನುತ್ತಿದ್ದ. ಅದರ ಅರ್ಥ ಹೌದು ಎಂದೂ ಆಗುತ್ತದೆ, ನೀನು ಇನ್ನೂ ಇಲ್ಲೇ ಇದ್ದೀಯ ಎಂದೂ ಆಗುತ್ತದೆ. ಕೊನೆಗೆ ಓರೆ ಹಲ್ಲಿನ ಜೊತೆಯೊಂದನ್ನು ಆರಿಸಿದೆ. ಅವನು ಸೋಪಿನ ನೀರು ಬಳಿದು, ಟೈರುಗಳನ್ನು ಬಳೆಗಳ ಮೇಲೆ ಏರಿಸಿ, ಗಾಳಿ ತುಂಬಿ, ಬಾಣದ ದಿಕ್ಕು ನೋಡಿ ಒಂದರ ಮೇಲೆ 'ಎಡ', ಇನ್ನೊಂದರ ಮೇಲೆ 'ಬಲ' ಎಂದು ಸೀಮೆಸುಣ್ಣದಲ್ಲಿ ಬರೆದುಕೊಟ್ಟ.

ಹದಿನೈದನೆಯ ತಾರೀಖು ಮಧ್ಯಾಹ್ನ ಚಕ್ರಪ್ರತಿಷ್ಠಾಪನೆ. ಯಂತ್ರದ ಕೆಳಗೆ ಮರದ ತುಂಡು ಕೊಟ್ಟು, ಅದರ ಬಾಯಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಮಣೆಯ ಮೇಲೆ ಅದಕ್ಕೆ ಎದುರಾಗಿ ಕುಳಿತೆ. ನನ್ನ ಎಡಗೈ ಕಡೆಗೆ 'ಎಡ', ಬಲಗೈ ಕಡೆಗೆ 'ಬಲ'. ಅಚ್ಚಿಗೆ ಗ್ರೀಸು ಹಚ್ಚಿ, ಪಿನ್ನು ತೂರಿಸಿ, ಎರಡೆರಡು ಸಲ ಪರೀಕ್ಷಿಸಿದೆ. ಲವ್‌ಡೇ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಅವಳ ಭುಜಗಳು ಸಣ್ಣಗೆ ಕುಲುಕುತ್ತಿದ್ದವು. ಕೆಮ್ಮು ಇರಬೇಕೆಂದುಕೊಂಡೆ.

ಹದಿನಾರರ ಮುಂಜಾನೆ ಚರ್ಚಿನ ದಾರಿಯಲ್ಲಿ ಯಂತ್ರವನ್ನು ಹೊರಡಿಸಿದೆ. ಮುಂದಕ್ಕೆ ಹೋಗು ಎಂದರೆ ಹೊಸ ಟೈರುಗಳು ನಿಂತಲ್ಲೇ ಗರಗರ ತಿರುಗಿ, ಹಲ್ಲುಗಳ ಸಂದಿಗೆ ಹಿಮ ತುಂಬಿಕೊಂಡು, ಎರಡು ದುಂಡನೆಯ ಬಿಳಿ ಒಬ್ಬಟ್ಟುಗಳಾದವು. ಹಿಂದಕ್ಕೆ ಬಾ ಎಂದರೆ ಮಾತ್ರ ಲಾಯದ ವಾಸನೆ ಹಿಡಿದ ಕುದುರೆಯಂತೆ ಎಳೆದುಕೊಂಡು ಬರುತ್ತಿತ್ತು. ನಾನು ನೂಕಿದೆ, ಒದ್ದೆ, ಗಾಳಿ ಇಳಿಸಿದೆ, ಗಾಳಿ ಏರಿಸಿದೆ. ಹತ್ತು ಗಂಟೆಯ ಹೊತ್ತಿಗೆ ದಾರಿಯ ಅರ್ಧ ಜಲ್ಲಿ, ಅರ್ಧ ಹಿಮ. ಬಂದ ಜನ ಸಾಲಾಗಿ ಹಿಮದ ಭಾಗವನ್ನು ದಾಟಿ, ಅಲ್ಲಿ ಮೂಡಿದ್ದ ಟೈರಿನ ಗುರುತುಗಳ ಮುಂದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪ್ರದರ್ಶನಕ್ಕಿಟ್ಟ ಚಿತ್ರವನ್ನು ನೋಡುವವರಂತೆ ತುಸು ಹೊತ್ತು ನಿಂತು ಒಳಗೆ ಹೋದರು.

"ತಂಪಾಗಿದೆ" ಎಂದ ನೆರೆಮನೆಯ ಉರ್ಹೋ ಕಂಗಾಸ್.

"ತಂಪಾಗಿದೆ" ಎಂದೆ.

ಹಿಮದ ದೋಷವೆಂದು ಎರಡು ವಾರ ನಂಬಿದೆ. ಆಮೇಲೆ ಟೈರಿನ ದೋಷವೆಂದು ನಿರ್ಧರಿಸಿ, ಚಕ್ರಗಳನ್ನು ಬಿಚ್ಚಿ, ಜನವರಿ ಎರಡರಂದು ಓನಿಯ ಅಂಗಡಿಗೆ ಒಯ್ದೆ. ಓನಿ ಟೈರನ್ನು ಎತ್ತಿ, ಹಲ್ಲುಗಳು ಯಾವ ಬದಿಗೆ ಸವೆದಿವೆಯೆಂದು ಹೆಬ್ಬೆರಳಿನಿಂದ ಸವರಿ ನೋಡಿದ. ಬಾಯಿ ತೆರೆದ. ಮುಚ್ಚಿದ.

"ಬೇರೆ ಕೊಡ್ಲಾ?" ಎಂದ.

ಅಪರಾಧಿಯ ತಪ್ಪೊಪ್ಪಿಗೆಯೆಂದು ಇದನ್ನು ನಾನು ಭಾವಿಸಿದೆ. ಈ ಸಲ ಹಲ್ಲು ಆಳವಾದ ಜೊತೆಯನ್ನು ಆರಿಸಿದೆ. ಸೀಮೆಸುಣ್ಣ, ಮಣೆ, ಎಡಗೈ, ಬಲಗೈ, ಪಿನ್ನು: ಎಲ್ಲವೂ ಶಾಸ್ತ್ರೋಕ್ತವಾಗಿ ಮೊದಲಿನಂತೆಯೇ ನಡೆಯಿತು. ಫಲವೂ ಮೊದಲಿನಂತೆಯೇ ಆಯಿತು. ಹಲ್ಲು ಆಳವಾಗಿದ್ದುದರಿಂದ ಹಿಂದಕ್ಕೆ ಎಳೆಯುವ ಶಕ್ತಿ ಮಾತ್ರ ದ್ವಿಗುಣವಾಯಿತು.

ಜನವರಿ ಹನ್ನೆರಡು, ಶನಿವಾರ, ಅದರ ಪರಿಣಾಮ ಕಂಡಿತು. ಚರ್ಚಿನ ಅಂಗಳದಲ್ಲಿ ಯಂತ್ರವನ್ನು ಹಿಂದಕ್ಕೆ ಬಿಟ್ಟಿದ್ದೆ. ಅದು ನನ್ನ ಎದೆಗೆ ಒತ್ತಿಕೊಂಡು, ಅಂಗಳವನ್ನು ದಾಟಿಸಿ, ರಸ್ತೆ ಬದಿಯ ಹಿಮದ ದಿಬ್ಬದೊಳಕ್ಕೆ ಸೊಂಟದವರೆಗೆ ನನ್ನನ್ನು ನೆಟ್ಟಿತು. (ಹಿಡಿಕೆಯ ಮೇಲೆ ಅದುಮಿ ಹಿಡಿದಿದ್ದ ಸನ್ನೆಕೋಲನ್ನು ಬಿಟ್ಟಿದ್ದರೆ ಯಂತ್ರ ನಿಲ್ಲುತ್ತಿತ್ತು. ಹಿಡಿದದ್ದನ್ನು ಬಿಡುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ.) ಉರ್ಹೋ, ಹಿಲ್ಯಾ ಮತ್ತು ದಾರಿಯಲ್ಲಿ ಹೋಗುತ್ತಿದ್ದ ಓನಿ ಸೇರಿ ತೋಳು ಹಿಡಿದು ಮೂಲಂಗಿಯನ್ನು ಕಿತ್ತಂತೆ ಕಿತ್ತು ನಿಲ್ಲಿಸಿದರು. ಮೂವರೂ ಒಮ್ಮೆ ಚಕ್ರಗಳನ್ನು ನೋಡಿದರು. ಒಮ್ಮೆ ಆಕಾಶವನ್ನು ನೋಡಿದರು.

"ಮಧ್ಯಾಹ್ನ ಬಿಸಿಲು ಬರ್ಬೋದು" ಎಂದಳು ಹಿಲ್ಯಾ.

ಇಲ್ಲಿ ಒಂದು ಮಾತನ್ನು ಹೇಳಬೇಕು. ನಮ್ಮೂರಿನಲ್ಲಿ ಒಬ್ಬನ ಯಂತ್ರದ ವಿಷಯವನ್ನು ಅವನಾಗಿ ಕೇಳದ ಹೊರತು ಇನ್ನೊಬ್ಬ ಎತ್ತುವುದಿಲ್ಲ. ಮಗಳ ಮದುವೆ ಮುರಿದದ್ದನ್ನು ವಿಚಾರಿಸಬಹುದು, ಮೂಲವ್ಯಾಧಿಯನ್ನು ವಿಚಾರಿಸಬಹುದು. ದೋಣಿ, ಗರಗಸ, ಹಿಮಯಂತ್ರಗಳನ್ನು ಕುರಿತು ಬಾಯಿ ಹಾಕುವುದು ಅವನ ಬುದ್ಧಿಗೇ ಕೈ ಹಾಕಿದಂತೆ. ನಾನೂ ಈ ಮರ್ಯಾದೆಯನ್ನು ಕಟ್ಟುನಿಟ್ಟಾಗಿ ಪಾಲಿಸಿದವನೇ. ೧೯೯೪ರ ಜುಲೈಯಲ್ಲಿ ಉರ್ಹೋ ತನ್ನ ಸೌನಾ ಎಂಬ ಹಬೆಸ್ನಾನದ ಕೋಣೆಗೆ ಹೊರಮುಖವಾಗಿ ತೆರೆಯಬೇಕಾದ ಬಾಗಿಲನ್ನು ಒಳಮುಖವಾಗಿ ಕೂರಿಸಿದಾಗ, ಹನ್ನೊಂದು ವರ್ಷ ಒಂದು ಮಾತೂ ಆಡದೆ ಅವನೊಂದಿಗೆ ಬೆವರಿದ್ದೇನೆ.

ಹದಿನಾಲ್ಕರಂದು ಮೂರನೆಯ ಜೊತೆ ಬಂತು: ಚಳಿಗೆ ಗಡುಸಾಗದ ಮೆತ್ತನೆಯ ರಬ್ಬರಿನದು. ಮೆತ್ತಗೆ ಜಾರಿತು. ಹದಿನಾರರ ಸಂಜೆ ಡಾರೆಲನ ಟ್ರಕ್ಕು ಚರ್ಚಿನ ಮುಂದೆ ನಿಧಾನವಾಗಿ ಒಂದು ಸುತ್ತು ಹಾಕಿ ಹೋದದ್ದನ್ನು ಕಂಡೆ. ಆ ರಾತ್ರಿ ಊಟ ಸೇರಲಿಲ್ಲ. ಲವ್‌ಡೇ ನನ್ನ ತಟ್ಟೆಯನ್ನು ನೋಡಿ, ನನ್ನ ಮುಖವನ್ನು ನೋಡಿ, ಮೊದಲ ಸಲ ನಗದೆ, "ಐನಾರ್, ನಂಗೆ ಏನಾದ್ರೂ ಕೇಳ್ಬೇಕು ಅನ್ನಿಸ್ತಿದೆಯಾ?" ಎಂದಳು.

"ಉಪ್ಪು ಕೊಡು" ಎಂದೆ.

೨೦೧೯ರ ಜನವರಿ ಇಪ್ಪತ್ತೇಳು, ಭಾನುವಾರ. ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಏಲಕ್ಕಿ ಹಾಕಿದ ಬ್ರೆಡ್ಡು, ಮಹಾಸಭೆ. ಹಾಜರಿದ್ದವರು ನಲವತ್ತಮೂರು ಜನ. ಸಭೆಯ ನಡಾವಳಿಯನ್ನು ಬರೆಯುವ ಕಾರ್ಯದರ್ಶಿ ನಾನೇ. ಐದನೆಯ ವಿಷಯ ಕಾಲುದಾರಿಯದು. ಲೇಖನಿಯನ್ನು ಕೆಳಗಿಟ್ಟು ಎದ್ದೆ. ಬಿಳಿಯ ಬಟ್ಟೆ ಹಾಸಿದ ಮೇಜಿನ ಮೇಲೆ, ಅಂಗಳದಲ್ಲಿ ನಿಲ್ಲಿಸಿದ್ದ ಯಂತ್ರದಿಂದ ಬಿಚ್ಚಿ ತಂದ ಚಕ್ರವೊಂದನ್ನು ಇಟ್ಟೆ. ಗೋಡೆಗೆ ಪಟ್ಟಿ ತೂಗುಹಾಕಿದೆ. ಇಪ್ಪತ್ತೆರಡು ನಿಮಿಷ ಮಾತನಾಡಿ, ಡಿಸೆಂಬರ್ ಎಂಟರಿಂದ ಈಚೆಗೆ ನಡೆದದ್ದನ್ನೆಲ್ಲ ತಾರೀಖುವಾರು ನಿವೇದಿಸಿ, ಈ ಶತಮಾನದಲ್ಲಿ ನಮ್ಮ ಹಿಮಕ್ಕೆ ಯೋಗ್ಯವಾದ ಟೈರನ್ನೇ ಯಾರೂ ತಯಾರಿಸುತ್ತಿಲ್ಲವೆಂದೂ, ಪ್ರಪಂಚದ ಕಾರ್ಖಾನೆಗಳ ತಪ್ಪಿಗೆ ನನ್ನನ್ನು ದಂಡಿಸದೆ ಇನ್ನೊಂದು ಚಳಿಗಾಲದ ಅವಕಾಶವನ್ನು ದಯಪಾಲಿಸಬೇಕೆಂದೂ ಮುಗಿಸಿದೆ.

ಸಭೆಯ ನಿಯಮದಂತೆ ಕೇಳಿದೆ: "ಇದರ ಬಗ್ಗೆ ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?"

ಕಾಫಿಯ ಪಾತ್ರೆ ಗುಳುಗುಳು ಎನ್ನುತ್ತಿತ್ತು. ಆಮೇಲೆ ಎಂಬತ್ತನಾಲ್ಕು ವರ್ಷದ ಉರ್ಹೋ ಕುರ್ಚಿಯ ಬೆನ್ನು ಹಿಡಿದು ಎದ್ದುನಿಂತ. ಮಹಾಸಭೆಯಲ್ಲಿ ಅವನು ಹಿಂದಿನ ಸಲ ಬಾಯಿ ತೆರೆದದ್ದು ೨೦೦೩ರಲ್ಲಿ, ಕಿಟಕಿ ಮುಚ್ಚಿ ಎನ್ನಲು.

"ಹಿಂದುಮುಂದಾಗಿದೆ" ಎಂದ.

"ಏನು?"

"ಟೈರು." ಕುಳಿತುಕೊಂಡ.

ನಾನು ಕೇಳಿಬಿಟ್ಟಿದ್ದೆನಲ್ಲ. ಆರು ವಾರಗಳಿಂದ ಕಟ್ಟಿನಿಂತಿದ್ದ ಕೆರೆಯ ತೂಬು ಕಿತ್ತುಹೋಯಿತು.

"ಎರಡೂ ಚಕ್ರ ಅದಲುಬದಲು" ಎಂದಳು ಹಿಲ್ಯಾ. "ಡಿಸೆಂಬರ್ ಹದಿನಾರನೇ ತಾರೀಖು ಬೆಳಿಗ್ಗೆ ಗುರುತು ನೋಡಿದ ತಕ್ಷಣ ಗೊತ್ತಾಯ್ತು. ಬಾಣದ ಮೊನೆ ಉಲ್ಟಾ."

"ನಾನು ಹದಿನೈದರ ಸಂಜೆಯೇ ನೋಡಿದೆ" ಎಂದ ಉರ್ಹೋ, ಕುಳಿತಲ್ಲಿಂದಲೇ. "ನಿಮ್ಮನೆ ಅಂಗಳದಲ್ಲಿ. ನಾಲ್ಕೂವರೆಗೆ."

"ಮೂರು ಜೊತೆಯೂ ಹಾಗೇ ಹಾಕಿದ" ಎಂದ ಓನಿ. "ಎಡ ಅಂದ್ರೆ ಹಿಂದೆ ನಿಂತು ಹಿಡಿಕೆ ಹಿಡಿದವನ ಎಡ ಅಂತ ಬರೆದಿದ್ದೆ. ಇವನು ಎದುರಿಗೆ ಕೂತ್ಕೊಂಡು ಹಾಕಿರ್ಬೇಕು."

"ಎದುರಿಗೇ ಕೂತಿದ್ದ" ಎಂದಿತು ಹಿಂದಿನ ಸಾಲಿನಿಂದ ಒಂದು ಪರಿಚಿತ ಧ್ವನಿ. "ಹದಿನೈದನೇ ತಾರೀಖು, ಮಧ್ಯಾಹ್ನ ಎರಡೂಕಾಲು ಗಂಟೆ. ಮಣೆ ಮೇಲೆ. ನಾನು ಕಿಟಕೀಲಿದ್ದೆ."

ಮಧ್ಯಾಹ್ನದ ಈ ಸಾಕ್ಷ್ಯಕ್ಕೆ ಸಭೆ ತಲೆಬಾಗಿತು. ನನ್ನ ತಪ್ಪನ್ನು ಮೊದಲು ಕಂಡ ಗೌರವ ಲವ್‌ಡೇಗೆ ಸಂದಿತು. ಎಲ್ಲರೂ ಗಂಟೆ, ನಿಮಿಷಗಳ ಸಮೇತ ದಾಖಲೆ ಹೇಳುತ್ತಿರುವಾಗ, ದಾಖಲೆಗಾರನಾದ ನನ್ನ ಪುಸ್ತಕದಲ್ಲಿ ಮಾತ್ರ ಆ ವಿಷಯ ಇರಲಿಲ್ಲ.

"ಹೇಳ್ಬಾರ್ದಾಗಿತ್ತಾ?" ಎಂದು ಅವಳನ್ನೇ ಕೇಳಿದೆ.

"ಕೇಳಿದ್ಯಾ?"

"ಮೂಳೆ ಮುರ್ಕೊಂಡಿದ್ರೆ?"

"ಮುರಿದ್ಮೇಲಾದ್ರೂ ಕೇಳ್ತೀಯೇನೋ ಅಂತ ಕಾಯ್ತಿದ್ದೆ."

ಅವಳು ಎದ್ದು, ಮೇಜಿನ ಮೇಲಿನ ಚಕ್ರವನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತಿದಳು. ನಲವತ್ತೆರಡು ಜನ ಕೋಟು ತೊಟ್ಟು ಹಿಂದೆ ಹೊರಟೆವು. ಅಂಗಳದಲ್ಲಿ ಮಂಡಿಯೂರಿ, ಯಂತ್ರದ ಹಿಂದೆ ಕುಳಿತು, ಇನ್ನೊಂದು ಚಕ್ರದ ಪಿನ್ನು ಎಳೆದು, ಎರಡನ್ನೂ ಅದಲುಬದಲು ಮಾಡಿದಳು. ಪಿನ್ನುಗಳನ್ನು ನನ್ನ ಟೋಪಿಯಲ್ಲಿ ಹಿಡಿದುಕೊಂಡು ನಿಂತವನು ನಾನು. ಒಂಬತ್ತು ನಿಮಿಷದ ಕೆಲಸ. ಆಮೇಲೆ ಹಗ್ಗ ಎಳೆದು ಯಂತ್ರವನ್ನು ಎಬ್ಬಿಸಿ, ನೂರ ನಲವತ್ತು ಅಡಿಯನ್ನು, ಒಮ್ಮೆಯೂ ನಿಲ್ಲದೆ, ಬಸ್ಸಿನ ನಿಲುಗಡೆ ಸಮೀಪಿಸಿದವಳಂತೆ ಕೊನೆಯಲ್ಲಿ ಮಾತ್ರ ಮೆಲ್ಲಗೆ ಮಾಡಿ, ಜಲ್ಲಿ ಕಾಣುವವರೆಗೆ ತೆಗೆದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಓನಿ ಉಸಿರನ್ನು ಒಳಗೆಳೆದುಕೊಂಡು "ಯೋ" ಎಂದ.

ಕೆಳಗಿಳಿದು ಬಂದ ಮೇಲೆ ಡಾರೆಲ್ ಎದ್ದುನಿಂತ. ಮೂವತ್ತೈದರ ಆಳು, ಟೋಪಿಯನ್ನು ಕೈಯಲ್ಲಿ ತಿರುಚುತ್ತ, "ನನ್ನ ಹೆಸರು ಬಿಟ್ಬಿಡಿ. ನನ್ನನ್ನ ಹನ್ನೆರಡು ವರ್ಷ ಶಾಲೆಗೆ ಕರ್ಕೊಂಡ್ಹೋದೋರು ಅವ್ರು. ಅವ್ರ ದಾರಿಗೆ ನಾನು ಅಡ್ಡ ಬರಲ್ಲ" ಎಂದ.

"ಹಾಗಾದ್ರೆ ದಾರಿ ಕೆಲಸ ಪೆಲ್ಟೋಮಾ ಮನೆಯಲ್ಲೇ ಇರುತ್ತೆ" ಎಂದಳು ಹಿಲ್ಯಾ. "ಬರ್ಕೋ, ಐನಾರ್."

ಏಳು ವಾರಗಳ ಭಾರ ಎದೆಯಿಂದ ಇಳಿಯಿತು. ಲೇಖನಿ ತೆಗೆದುಕೊಂಡು ನನ್ನ ಅತ್ಯುತ್ತಮ ಅಕ್ಷರಗಳಲ್ಲಿ ಬರೆಯತೊಡಗಿದೆ: 'ಕಾಲುದಾರಿಯ ಹಿಮ ತೆಗೆಯುವ ಹೊಣೆಯನ್ನು ಶ್ರೀಯುತ—'

"ಶ್ರೀಮತಿ" ಎಂದಳು ಹಿಲ್ಯಾ.

ಲೇಖನಿ ನಿಂತಿತು. ನಾನು ತಲೆಯೆತ್ತಿ ನೋಡಿದೆ. ನಲವತ್ತೊಂದು ಕೈಗಳು ಆಗಲೇ ಮೇಲೆದ್ದಿದ್ದವು. ಲವ್‌ಡೇ ತನ್ನ ವಿಷಯದಲ್ಲಿ ತಾನೇ ಕೈ ಎತ್ತುವುದು ಸರಿಯಲ್ಲವೆಂದು ಹೊಲಿಗೆ ಹಿಡಿದಿದ್ದಳು. ಕಾರ್ಯದರ್ಶಿ ತಟಸ್ಥನಾಗಿರಬೇಕೆಂಬುದು ೧೯೧೨ರ ನಿಯಮ. ಒಂದು ಪದವನ್ನು ಹೊಡೆದುಹಾಕಿ, ತಿದ್ದುಪಡಿಗೆ ಸಹಿ ಹಾಕಿ, ತಾರೀಖು ಬರೆದೆ.

ಆನಂತರದ ಸಂಗತಿಗಳು ಇಷ್ಟು. ೨೦೧೯ರ ಫೆಬ್ರವರಿ ಮೂರು, ಹತ್ತು, ಹದಿನೇಳರ ಭಾನುವಾರಗಳಂದು ದಾರಿಯ ಹಿಮವನ್ನು ಶ್ರೀಮತಿ ಲವ್‌ಡೇ ಪೆಲ್ಟೋಮಾ ತೆಗೆದರು. ಸರಾಸರಿ ಅವಧಿ ಇಪ್ಪತ್ತಾರು ನಿಮಿಷ. ಅವರ ಹಿಂದೆ ಮರಳಿನ ಬಕೆಟ್ಟು ಹಿಡಿದು ನಡೆದವನು ಕೆಳಗೆ ಸಹಿ ಮಾಡಿದ ಕಾರ್ಯದರ್ಶಿ. ಫೆಬ್ರವರಿ ಇಪ್ಪತ್ತನಾಲ್ಕರಂದು ಯಂತ್ರವನ್ನು ಹತ್ತು ಅಡಿ ನಡೆಸಲು ಅವನು ಅನುಮತಿ ಕೇಳಿದನು. ಮಾರ್ಚ್ ಮೂರರಂದು ಅನುಮತಿ ದೊರೆಯಿತು. ಅಂದು ಹತ್ತು ಅಡಿಯನ್ನು ಅವನು, ಉಳಿದ ನೂರ ಮೂವತ್ತು ಅಡಿಯನ್ನು ಅವರು ತೆಗೆದರು. ಹವೆ ಒಣ, ಗಾಳಿ ಇರಲಿಲ್ಲ.